ಬಿಸಿಯಾಗದ ಕಾರು

ಮುಳಬಾಗಿಲು
18 ಏಪ್ರಿಲ್ 2025

ತಮ್ಮ ನರೇಶನಿಗೆ ಅಕ್ಕ ಗಂಗರತ್ನಮ್ಮನ ಆಶೀರ್ವಾದ.

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಆಂಜಿನಪ್ಪ ನಮ್ಮ ನರ್ಸರಿಯ ಟೊಮೆಟೊ ಸಸಿಗಳನ್ನು ಆಟೋದಲ್ಲಿ ಹಾಕಿಕೊಂಡು ಮಾಲೂರಿನ ಕಡೆ ಬರುತ್ತಾನೆ. ಇದನ್ನು ಅವನ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರವೂ ಅವನ ಕೈಯಲ್ಲೇ ಬರಲಿ.

ನಿನ್ನೆ ಸಸಿ ಒಯ್ಯಲು ಬಂದಿದ್ದ ರಾಯಲ್ಪಾಡಿನ ರೈತನೊಬ್ಬ, ನನ್ನ ಕಾರು ಭಾನುವಾರ ಅವರೂರಿನ ಹತ್ತಿರ ಬಾನೆಟ್ ಎತ್ತಿಕೊಂಡು ಹೊಗೆಯಾಡುತ್ತ ನಿಂತಿತ್ತು ಅಂದ. ಹೊಗೆಯ ವಿಷಯ ಆಮೇಲೆ. ಮಾಲೂರಿನ ಫ್ಯಾಕ್ಟರಿಗೆ ಹೆಣ್ಣುಮಕ್ಕಳನ್ನು ಶಿಫ್ಟಿಗೆ ಬಿಡಬೇಕಾದ ಕಾರಿಗೆ ಆಂಧ್ರದ ಗಡಿಯಲ್ಲಿ ಏನು ಕೆಲಸ?

ಕಾರು ನನ್ನ ಹೆಸರಿನಲ್ಲಿದೆ. ಬಂಕಿನಲ್ಲಿ ಡೀಸೆಲ್ ನನ್ನ ಖಾತೆಗೆ ಬೀಳುತ್ತದೆ. ಓಡಿಸುವುದು, ಅದರಲ್ಲಿ ಸಂಸಾರ ತೂಗಿಸುವುದು ನಿನ್ನ ಪಾಲಿನದು. ಮಗಳು ತ್ರಿವೇಣಿಯನ್ನು ನಿನಗೇ ಕೊಟ್ಟಾಗ, ಸ್ವಂತ ತಮ್ಮನೇ ಅಳಿಯನಾದ ಮೇಲೆ ನಿನಗೇನಮ್ಮ ಯೋಚನೆ ಅಂದರು ಜನ. ಯೋಚನೆ ಇಲ್ಲದ ಸಂಬಂಧವನ್ನು ನಾನು ಇನ್ನೂ ನೋಡಿಲ್ಲ.

ಕಾರಿನಿಂದ ಏನನ್ನು ಬಿಚ್ಚಿಸಿದರೂ ಆ ಹಳೆಯ ಸಾಮಾನು ನನ್ನ ಕಣ್ಣಿಗೆ ಬೀಳಬೇಕು. ಹೊಸದರ ಬಿಲ್ಲನ್ನು ಯಾರು ಬೇಕಾದರೂ ಬರೆಯಬಹುದು.

ಉತ್ತರ ನೋಡುತ್ತಿರುವ
ಅಕ್ಕ


ಮಾಲೂರು
21 ಏಪ್ರಿಲ್ 2025

ಅಕ್ಕನಿಗೆ ನಮಸ್ಕಾರ.

ಫ್ಯಾಕ್ಟರಿಯ ಸೂಪರ್‌ವೈಸರ್ ಮನೆಯವರು ಮಾವಿನ ತೋಪು ನೋಡಬೇಕೆಂದರು. ಭಾನುವಾರ ಶಿಫ್ಟ್ ಇರಲಿಲ್ಲ, ಕರೆದುಕೊಂಡು ಹೋದೆ. ಆ ಬಾಡಿಗೆ ಈ ತಿಂಗಳ ಲೆಕ್ಕದಲ್ಲಿ ಬರುತ್ತದೆ. ರೈತ ನಿನಗೆ ಹೇಳುವ ಮುಂಚೆ ನಾನೇ ಹೇಳಬೇಕಿತ್ತು, ತಪ್ಪಾಯಿತು.

ಶ್ರೀನಿವಾಸಪುರ ದಾಟಿದ ಮೇಲೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ನಿಲ್ಲಿಸಿ, ಆರಿಸಿ, ನೀರು ಹಾಕಿ, ನಿಧಾನವಾಗಿ ವಾಪಸು ತಂದೆ. ಮಾಲೂರಿನಲ್ಲಿ ಮೆಕ್ಯಾನಿಕ್ ಕದಿರೇಶ್ ಬಿಚ್ಚಿ ನೋಡಿದ. ಇಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಒಂದು ಪುಟ್ಟ ಬಾಗಿಲಿದೆ, ಥರ್ಮೋಸ್ಟಾಟ್ ಅಂತಾರೆ. ನಾವು ಕೂಲೆಂಟ್ ಬದಲು ಬೋರ್‌ವೆಲ್ ನೀರೇ ಹಾಕುತ್ತಾ ಬಂದಿದ್ದೇವಲ್ಲ, ಅದರ ಉಪ್ಪು ಕಟ್ಟಿಕೊಂಡು ಬಾಗಿಲು ಮುಚ್ಚಿದಂತೆಯೇ ಅಂಟಿಕೊಂಡಿತ್ತು. ಕಾದ ನೀರು ರೇಡಿಯೇಟರ್‌ಗೆ ಹೋಗಲಾರದೆ ಇಂಜಿನ್‌ನಲ್ಲೇ ಕುದಿಯುತ್ತಿತ್ತು.

ಹೊಸದು ಹಾಕು ಅಂದೆ. ಕದಿರೇಶ್ ನಕ್ಕುಬಿಟ್ಟ. "ಇದೆಲ್ಲಾ ಮಂಜು ಬೀಳೋ ದೇಶದೋರಿಗೆ ಕಣಪ್ಪ. ನಮ್ ಕೋಲಾರದ ಬಿಸಿಲಿಗೆ ಬಾಗಿಲು ಯಾತಕ್ಕೆ? ತೆಗೆದು ಬಿಸಾಕು, ಏಂ ಕಾದು" ಅಂದ. ಏನೂ ಆಗಲ್ಲವಂತೆ. ತನ್ನ ಹತ್ತಿರ ಬರುವ ಗಾಡಿಗಳಿಗೆಲ್ಲ ಹಾಗೇ ಮಾಡುತ್ತಾನಂತೆ. ದುಡ್ಡೂ ತಗೊಳ್ಳಲಿಲ್ಲ. ಬಿಚ್ಚಿದ ಸಾಮಾನನ್ನು ಆಂಜಿನಪ್ಪನ ಕೈಯಲ್ಲಿ ಕಳಿಸಿದ್ದೇನೆ.

ನಿನ್ನ ತಮ್ಮ
ನರೇಶ್


ಮುಳಬಾಗಿಲು
2 ಜೂನ್ 2025

ನರೇಶನಿಗೆ,

ನೀನು ಕಳಿಸಿದ ಸಾಮಾನು ಮುಟ್ಟಿತು. ಸುಣ್ಣ ಬಳಿದ ಹಾಗಿದೆ. ಕಾಸು ಕೇಳದ ಮೆಕ್ಯಾನಿಕ್ ಸಿಕ್ಕಿದ ಅಂದಾಗ ಒಂದು ಗಳಿಗೆ ಕೂತು ಯೋಚಿಸಬೇಕಿತ್ತು. ಆದರೆ ಖರ್ಚಿಲ್ಲದ ಸುದ್ದಿಯನ್ನು ಕೆದಕುವಷ್ಟು ಅಧಿಕಪ್ರಸಂಗಿ ನಾನಲ್ಲ.

ಕುರುಡುಮಲೆಗೆ ಹೋಗಿಬಂದೆವಲ್ಲ, ಆವತ್ತು ದಾರಿಯುದ್ದಕ್ಕೂ ಗಮನಿಸಿದೆ. ಅಂಥ ಬಿಸಿಲಿನಲ್ಲೂ ಮುಳ್ಳು ತಳ ಬಿಟ್ಟು ಏಳಲಿಲ್ಲ. ಚೆನ್ನಾಗಿದೆ. ಹೀಗೇ ಇರಲಿ.

ಇನ್ನೊಂದನ್ನೂ ಗಮನಿಸಿದೆ. ತ್ರಿವೇಣಿ ಎರಡು ಸಲ ಕಾರು ನಿಲ್ಲಿಸಲು ಹೇಳಿ ಇಳಿದಳು. ರಸ್ತೆ ಸರಿಯಿಲ್ಲ ಅಂದಿರಿ ಇಬ್ಬರೂ. ರಸ್ತೆ ಸರಿಯಾಗಿಯೇ ಇತ್ತು. ನಾನೂ ಒಂದು ಹೆತ್ತವಳು. ನೀವಾಗಿಯೇ ಹೇಳುವ ತನಕ ಕೇಳುವುದಿಲ್ಲ, ಆದರೆ ಚೊಚ್ಚಲ ಬಾಣಂತನ ನನ್ನ ಮನೆಯಲ್ಲಿ ಅನ್ನುವುದನ್ನು ಈಗಲೇ ಬರೆದಿಟ್ಟಿರುತ್ತೇನೆ. ನರ್ಸರಿಯ ಪಕ್ಕದ ಕೋಣೆಗೆ ಹೊಸ ಕಿಟಕಿ ಇಡಿಸುತ್ತಿದ್ದೇನೆ, ಬೇರೆ ಕಾರಣಕ್ಕೆ.

ಅಕ್ಕ


ಮುಳಬಾಗಿಲು
22 ಆಗಸ್ಟ್ 2025

ನರೇಶನಿಗೆ,

ಬಂಕಿನ ಚೀಟಿಗಳನ್ನೂ ನೀನು ಕಳಿಸುವ ಕಿಲೋಮೀಟರ್‌ಗಳನ್ನೂ ಎದುರುಬದುರು ಇಟ್ಟು ನೋಡಿದೆ. ಬೇಸಿಗೆಯ ತನಕ ಲೀಟರಿಗೆ ಹದಿನೇಳು ಕೊಡುತ್ತಿದ್ದ ಕಾರು ಈಗ ಹದಿನಾಲ್ಕಕ್ಕೆ ಇಳಿದಿದೆ. ಒಂದು ತಿಂಗಳು ಅಂದರೆ ಏನೋ ಅನ್ನಬಹುದು. ಮೇ ತಿಂಗಳಿನಿಂದಲೂ ಇದೇ ಕಥೆ.

ಅದೇ ರಸ್ತೆ, ಅದೇ ಫ್ಯಾಕ್ಟರಿ, ಅದೇ ಹೆಣ್ಣುಮಕ್ಕಳು. ಅವರೇನು ಎಲ್ಲರೂ ಒಟ್ಟಿಗೆ ದಪ್ಪವಾದರೇ?

ನಾನು ಏನನ್ನೂ ಹೇಳುತ್ತಿಲ್ಲ. ಉಳಿದ ಡೀಸೆಲ್ ಎಲ್ಲಿಗೆ ಹೋಗುತ್ತಿದೆ ಅಂತ ಕೇಳುತ್ತಿದ್ದೇನೆ, ಅಷ್ಟೇ. ಕೇಳಿದ್ದಕ್ಕೆ ಬೇಸರವಾದರೆ ಆ ಬೇಸರ ಯಾಕೆ ಅಂತಲೂ ಕೇಳಬೇಕಾಗುತ್ತದೆ.

ಅಕ್ಕ


ಮಾಲೂರು
26 ಆಗಸ್ಟ್ 2025

ಅಕ್ಕನಿಗೆ,

ನನಗೂ ಗೊತ್ತಾಗುತ್ತಿಲ್ಲ. ಗಾಳಿ ಸರಿಯಿದೆ, ಫಿಲ್ಟರ್ ಬದಲಾಯಿಸಿದ್ದೇನೆ. ಕದಿರೇಶ್ ಗಾಡಿಗೆ ವಯಸ್ಸಾಯಿತು ಅನ್ನುತ್ತಾನೆ. ನಾಲ್ಕು ತಿಂಗಳಲ್ಲಿ ಅಷ್ಟು ವಯಸ್ಸು ಹೇಗಾಗುತ್ತದೆ ಅಂತ ನೀನು ಕೇಳುತ್ತೀಯ. ನಾನೂ ಕೇಳಿದೆ.

ತ್ರಿವೇಣಿ ಚೆನ್ನಾಗಿದ್ದಾಳೆ. ಹುಣಸೆಕಾಯಿ ಕೇಳುತ್ತಾಳೆ.

ನರೇಶ್


ಮುಳಬಾಗಿಲು
19 ಸೆಪ್ಟೆಂಬರ್ 2025

ನರೇಶನಿಗೆ,

ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಕಳಿಸಿದೆ. ಒಂದು ವಾರ ನಿನ್ನ ಪಕ್ಕದ ಸೀಟಿನಲ್ಲಿ ಕೂತು ನೋಡು ಅಂತ ಆಂಜಿನಪ್ಪನನ್ನೂ ಕಳಿಸಿದೆ. ವಾಪಸು ಬಂದವನು, "ಹುಡುಗ ಚೊಕ್ಕ ಅಕ್ಕಾ, ನಿಮ್ ಅನುಮಾನಕ್ಕೆ ಮದ್ದಿಲ್ಲ" ಅಂದ. ಊಟ ಎಲ್ಲಿ ಮಾಡ್ತಿದ್ದೆ ಅಂತ ಕೇಳಿದೆ. ದಿನವೂ ನಿನ್ನ ಮನೆಯಲ್ಲೇ, ತ್ರಿವೇಣಿಯ ಕೈಯಡುಗೆ, ಎರಡು ದಿನ ಮಟನ್ ಸಾರು. ಸಾಕ್ಷಿಗೆ ಸಾರು ಬಡಿಸಿದ ಮೇಲೆ ಅವನು ಇನ್ನೇನು ಹೇಳುತ್ತಾನೆ?

ಬೀಗ ಹಾಕಿದ ಮೇಲೂ ಹದಿನಾಲ್ಕೇ. ಬೀಗದ ಕೈ ಯಾರ ಜೇಬಿನಲ್ಲಿದೆ ಅನ್ನುವುದು ನಿನಗೆ ಗೊತ್ತು. ಟ್ಯಾಂಕಿಗೆ ಪೈಪು ಇಳಿಬಿಟ್ಟು ಎಳೆದು, ಕ್ಯಾನಿಗೆ ತುಂಬಿ ಮಾರುವ ಡ್ರೈವರುಗಳನ್ನು ನಾನು ಈ ಹೆದ್ದಾರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಭಾವ ಹೋದ ಮೇಲೆ ಒಬ್ಬಳೇ ಈ ನರ್ಸರಿ ಎಬ್ಬಿಸಿದೆ. ಗೊಬ್ಬರದವನಿಂದ ಮಂಡಿಯವನ ತನಕ ಎಲ್ಲರೂ ಕೈಯಾಡಿಸಿ ನೋಡಿದವರೇ. ಯಾರನ್ನೂ ನಂಬದೆ ಇದ್ದದ್ದರಿಂದಲೇ ಇವತ್ತು ನನ್ನ ಹೆಸರಿನಲ್ಲೊಂದು ಕಾರಿದೆ.

ಅಕ್ಕನ ಮನೆಯಲ್ಲಿ ಕದಿಯುವವನು ಹೊರಗಿನವರ ಕೈಗೆ ಸಿಕ್ಕಿಬೀಳುವುದಿಲ್ಲ ಅನ್ನುವುದೊಂದೇ ಸಮಾಧಾನ.

ಗಂಗರತ್ನಮ್ಮ


ಮಾಲೂರು
12 ಅಕ್ಟೋಬರ್ 2025

ಅಮ್ಮಾ,

ನೀನು ಬರೆದದ್ದನ್ನು ಮಾವ ನಿಂತುಕೊಂಡೇ ಓದಿದರು. ಆಮೇಲೆ ಹೊರಗೆ ಹೋಗಿ ಕಾರು ತೊಳೆದರು, ಸೀಟಿನ ಕೆಳಗಿನ ಧೂಳನ್ನೂ ಬಿಡದ ಹಾಗೆ. ಕಾರನ್ನೂ ಬೀಗದ ಕೈಯನ್ನೂ ಆಂಜಿನಪ್ಪನ ಕೈಯಲ್ಲಿ ನಿನಗೆ ಕಳಿಸಿದರು. ಈಗ ಯಾರದೋ ಟೆಂಪೋ ಓಡಿಸುತ್ತಿದ್ದಾರೆ. ಅವರು ಬೈದುಬಿಟ್ಟಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ನನಗೆ ಏಳರಲ್ಲಿ ನಡೆಯುತ್ತಿದೆ. ಸಂಕ್ರಾಂತಿಯ ಹೊತ್ತಿಗೆ ಅಂತ ಡಾಕ್ಟರ್ ಹೇಳಿದ್ದಾರೆ. ನೀನು ಕಿಟಕಿ ಇಡಿಸಿದ ಕೋಣೆ ಖಾಲಿಯೇ ಇರಲಿ. ಕಳ್ಳನ ಹೆಂಡತಿಗೆ ಬಾಣಂತನ ಮಾಡಿದೆ ಅನ್ನುವ ಭಾರ ನಿನಗೆ ಬೇಡ. ನಾನು ಬರುವುದಿಲ್ಲ.

ಇಷ್ಟು ದಿನ ಅವರ ಮೇಲೆ ಕಣ್ಣಿಟ್ಟಿದ್ದೆಯಲ್ಲ, ಒಂದು ಸಲವಾದರೂ ನಿನ್ನ ಕಾರಿನ ಮೇಲೆ ಕಣ್ಣಿಟ್ಟು ನೋಡಿದೆಯಾ? ಹೋದ ತಿಂಗಳು ಸ್ಕ್ಯಾನಿಂಗ್‌ಗೆ ಬೆಳಗ್ಗೆ ಬೆಳಗ್ಗೆ ಕೋಲಾರಕ್ಕೆ ಹೊರಟಿದ್ದೆವು. ಮಳೆ ಹನಿಯುತ್ತಿತ್ತು, ಗಾಜಿಗೆಲ್ಲ ಮಂಜು ಕಟ್ಟಿತು. ಬಿಸಿಗಾಳಿಯ ಗುಂಡಿ ತಿರುಗಿಸಿದರೆ ಕೋಲಾರ ಮುಟ್ಟುವ ತನಕವೂ ತಣ್ಣನೆಯ ಗಾಳಿಯೇ. ಮಾವ ಒಂದು ಕೈಯಲ್ಲಿ ಗಾಜು ಒರೆಸುತ್ತಾ ಓಡಿಸಿದರು. ತಮ್ಮ ಸ್ವೆಟರ್ ಬಿಚ್ಚಿ ನನಗೆ ಹೊದಿಸಿದರು. ಅವರು ನಿನ್ನಿಂದ ಕದ್ದದ್ದು ಅಷ್ಟೇ ಅಮ್ಮ, ಆ ಆಸ್ಪತ್ರೆಯ ಓಡಾಟ. ಅದನ್ನೂ ಬೇಕಾದರೆ ಬರೆದುಕೋ.

ತ್ರಿವೇಣಿ


ಮುಳಬಾಗಿಲು
23 ನವೆಂಬರ್ 2025

ತ್ರಿವೇಣಿಗೂ ನರೇಶನಿಗೂ,

ಇಬ್ಬರೂ ಕೂತು ಓದಿ. ಮಧ್ಯದಲ್ಲಿ ಎದ್ದು ಹೋಗಬೇಡಿ.

ಕಾರು ಇಲ್ಲಿಗೆ ಬಂದ ಮೇಲೆ ಟ್ಯಾಂಕಿಗೆ ನಾನೇ ನಿಂತು ತುಂಬಿಸಿ ಬೀಗ ಹಾಕಿದೆ. ಬೀಗದ ಕೈ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಆಂಜಿನಪ್ಪ ಓಡಿಸಿದ, ಪಕ್ಕದಲ್ಲಿ ನಾನು. ಕೋಲಾರದ ಮಂಡಿ, ಕ್ಯಾಲನೂರಿನ ರೈತರು, ಮತ್ತೆ ಮನೆ. ರಾತ್ರಿ ಕಾರು ನನ್ನ ಮಂಚದ ಕಿಟಕಿಯ ಎದುರಿಗೆ. ಹದಿನೈದು ದಿನ ಬಿಟ್ಟು ಲೆಕ್ಕ ಹಾಕಿದರೆ ಹದಿನಾಲ್ಕೇ ಬಂತು. ಕಳ್ಳತನ ಇದೆ, ಕಳ್ಳ ಇಲ್ಲ.

ಬಂಕಿನವನ ಮೇಲೆ ಅನುಮಾನವಾಯಿತು, ಬಂಕ್ ಬದಲಾಯಿಸಿದೆ. ಆಂಜಿನಪ್ಪನ ಮೇಲೆ ಆಯಿತು, ಅದು ಅವನಿಗೂ ಗೊತ್ತಾಯಿತು. "ಇನ್ನು ನೀವೇ ಕುಡೀತಿರಬೇಕು ಅಕ್ಕಾ, ನಿದ್ದೆಗಣ್ಣಲ್ಲಿ" ಅಂದ. ಅವತ್ತು ಅವನಿಗೆ ಕಾಫಿ ಕೊಡಲಿಲ್ಲ.

ಹೀಗಿರುವಾಗ ಕ್ಯಾಲನೂರಿನಿಂದ ಬರುತ್ತಾ ಬೆಳಗಿನ ಮಂಜಿಗೆ ಗಾಜು ಮಸುಕಾಯಿತು. ತ್ರಿವೇಣಿ ಬರೆದದ್ದು ನೆನಪಾಗಿ ಆ ಗುಂಡಿ ತಿರುಗಿಸಿದೆ. ಅಷ್ಟು ದೂರ ಓಡಿದ ಇಂಜಿನ್ ಊದಿದ್ದು ತಣ್ಣನೆಯ ಗಾಳಿ. ಮುಳ್ಳು ನೋಡಿದೆ, ತಳದಲ್ಲೇ ಇತ್ತು. ಇಷ್ಟು ದಿನ ಅದನ್ನು ನೋಡಿ ಸಮಾಧಾನ ಪಡುತ್ತಿದ್ದೆ. ಅವತ್ತು ಮಾತ್ರ ಅನುಮಾನವಾಯಿತು. ಬೆಂಕಿ ಉರಿಯುವ ಒಲೆ ಬೆಚ್ಚಗೂ ಆಗುವುದಿಲ್ಲ ಅಂದರೆ ಏನರ್ಥ?

ನೇರವಾಗಿ ಕೋಲಾರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಧನಶ್ರೀ ಅಂತ ಹೆಣ್ಣುಮಗಳಿದ್ದಳು. ಇಂಜಿನ್ ತಣ್ಣಗಿರುವಾಗ, ಕದಿರೇಶ್ ತೆಗೆದುಹಾಕಿದ ಆ ಥರ್ಮೋಸ್ಟಾಟ್ ಬಾಗಿಲು ಮುಚ್ಚಿರಬೇಕಂತೆ, ಒಳಗಿನ ನೀರು ಒಳಗೇ ಸುತ್ತಿ ಬೇಗ ಬಿಸಿಯಾಗಲಿ ಅಂತ. ಹದ ಮೀರಿ ಕಾದಾಗ ಮಾತ್ರ ತೆರೆದು ರೇಡಿಯೇಟರ್‌ಗೆ ಬಿಡಬೇಕು. ಬಾಗಿಲೇ ಇಲ್ಲದಿದ್ದರೆ ನೀರು ಶುರುವಿನಿಂದಲೇ ರೇಡಿಯೇಟರ್ ಸುತ್ತಿ ಆರುತ್ತಾ ಇರುತ್ತದೆ. ಇಂಜಿನ್ ಹದಕ್ಕೆ ಬರುವುದೇ ಇಲ್ಲ. ತಣ್ಣನೆಯ ಇಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಕಾಯದ ಹೆಂಚಿನ ಮೇಲೆ ದೋಸೆ ಹುಯ್ದ ಹಾಗೆ ಅಂದುಕೊಂಡೆ ನಾನು. ಹಿಟ್ಟು ಖರ್ಚಾಗುತ್ತೆ, ದೋಸೆ ಏಳುವುದಿಲ್ಲ.

ಮಾರುವವಳ ಮಾತು ತಾನೇ, ಪೂರ್ತಿ ನಂಬಲಿಲ್ಲ. ಹೊಸದೊಂದನ್ನು ತಂದು, ನೀನು ಕಳಿಸಿದ್ದ ಹಳೆಯದನ್ನೂ ತೆಗೆದುಕೊಂಡು, ಎರಡನ್ನೂ ದಾರಕ್ಕೆ ಕಟ್ಟಿ ಹಾಲಿನ ಪಾತ್ರೆಯ ನೀರಿನಲ್ಲಿ ತಳ ಮುಟ್ಟದ ಹಾಗೆ ಇಳಿಬಿಟ್ಟು ಒಲೆ ಹಚ್ಚಿದೆ. ಕುದಿ ಬರುವ ಮುಂಚೆಯೇ ಹೊಸದರ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಒಲೆ ಆರಿಸಿದೆ, ನೀರು ಆರುತ್ತಾ ತಾನೇ ಮುಚ್ಚಿಕೊಂಡಿತು. ಒಳಗಿರುವ ಮೇಣ ಕಾದು ಉಬ್ಬಿ ತಳ್ಳುತ್ತದಂತೆ. ಹಳೆಯದು ನೀರು ಕೊತಕೊತ ಕುದ್ದರೂ ಅಲುಗಾಡಲಿಲ್ಲ. ಅಂದರೆ ಅದು ಕೆಟ್ಟಿದ್ದು ನಿಜ, ಬಿಚ್ಚಿಸಿದ್ದು ಸರಿ. ಆ ಜಾಗಕ್ಕೆ ಏನನ್ನೂ ಹಾಕದೆ ಬಿಟ್ಟದ್ದು ತಪ್ಪು.

ಕದಿರೇಶನಿಗೆ ಫೋನ್ ಮಾಡಿದೆ. ಎಲ್ಲಾ ಗಾಡಿಗೂ ಹಂಗೇ ಮಾಡ್ತೀನಿ, ಯಾರೂ ಕೇಳಿಲ್ಲ ಅಂದ. ಎಷ್ಟು ಡ್ರೈವರುಗಳಿಗೆ ಕೆಟ್ಟ ಹೆಸರು ತಂದಿದ್ದೀಯ ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಅವನ ಹತ್ತಿರ ಹೋಗಲಿಲ್ಲ. ಇಂಜಿನ್ ಪೂರ್ತಿ ಆರಿರುವಾಗ ನಮ್ಮ ಅಂಗಳದಲ್ಲೇ ಆಂಜಿನಪ್ಪ ಬಿಚ್ಚಿದ, ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ನೀರೆಲ್ಲ ಬಕೆಟ್ಟಿಗೆ ಇಳಿಸಿ, ಮೇಲಿನ ಪೈಪು ಸೇರುವ ಕಡೆಯ ಬೋಲ್ಟುಗಳನ್ನು ತೆಗೆದ. ನೀರು ಸೋರದಂತೆ ಇಟ್ಟಿದ್ದ ಹಳೆಯ ಗ್ಯಾಸ್ಕೆಟ್ ಕೆರೆದು ಒರೆಸಿ, ಸ್ಪ್ರಿಂಗ್ ಇಂಜಿನ್ ಕಡೆಗೆ ಬರುವ ಹಾಗೆ ಹೊಸದನ್ನು ಕೂರಿಸಿದ. ಬೋರ್‌ವೆಲ್ ನೀರಿನ ಕೊಡ ತಂದವನನ್ನು ಅಲ್ಲೇ ತಡೆದೆ, ಕೂಲೆಂಟ್ ಹಾಕಿಸಿದೆ. ರೇಡಿಯೇಟರ್ ಮುಚ್ಚಳ ತೆಗೆದಿಟ್ಟುಕೊಂಡೇ ಇಂಜಿನ್ ಚಾಲೂ ಮಾಡಿ, ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರುವ ತನಕ ಬಿಟ್ಟೆವು. ಪೈಪಿನ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ತುಂಬಾ ಹೊತ್ತು ತಣ್ಣಗಿತ್ತು. ಆಮೇಲೆ ಒಮ್ಮೆಗೇ ಬಿಸಿಯಾಯಿತು. ಬಾಗಿಲು ತೆರೆದದ್ದು ಕೈಗೇ ಗೊತ್ತಾಯಿತು.

ಈಗ ಮುಳ್ಳು ನಡುವಿನಲ್ಲಿ ನಿಲ್ಲುತ್ತದೆ. ಬಿಸಿಗಾಳಿ ಬರುತ್ತದೆ. ಡೀಸೆಲ್ ಮತ್ತೆ ಹದಿನೇಳಕ್ಕೆ ಬಂದಿದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಬರೆದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಕಾರು ಕಳಿಸುತ್ತೇನೆ, ನರೇಶ್ ಓಡಿಸಿಕೊಂಡು ತ್ರಿವೇಣಿಯನ್ನು ಕರೆತರಲಿ. ಕೋಣೆ ಸಿದ್ಧವಾಗಿದೆ.

ಅಕ್ಕ, ಅಮ್ಮ


ಮಾಲೂರು
30 ನವೆಂಬರ್ 2025

ಅಕ್ಕನಿಗೆ,

ಓದಿದೆವು. ಮಧ್ಯದಲ್ಲಿ ಎದ್ದು ಹೋಗಲಿಲ್ಲ. ನೀನು ಅಷ್ಟು ಕಷ್ಟಪಟ್ಟು ಕಾರಣ ಹುಡುಕಿದ್ದು ನೋಡಿ ಸಂತೋಷವಾಯಿತು. ಕಾರು ಸರಿಹೋದದ್ದೂ ಒಳ್ಳೆಯದಾಯಿತು.

ಒಂದು ಮಾತು ಕೇಳಬೇಕು. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೂ ಹದಿನಾಲ್ಕೇ ಬಂದಿದ್ದರೆ?

ತ್ರಿವೇಣಿ ಇದಕ್ಕೆ ಉತ್ತರ ಬರುವ ತನಕ ಬಟ್ಟೆ ಕಟ್ಟುವುದಿಲ್ಲ ಅನ್ನುತ್ತಾಳೆ. ಕೇಳು ಅಂತ ಹೇಳಿಕೊಟ್ಟದ್ದು ಅವಳಲ್ಲ, ನಾನೇ ಕೇಳುತ್ತಿದ್ದೇನೆ. ಕಾರು ಕಳಿಸಬೇಡ.

ನರೇಶ್


ಮುಳಬಾಗಿಲು
14 ಡಿಸೆಂಬರ್ 2025

ನರೇಶ,

ನಿನ್ನ ಪ್ರಶ್ನೆಗೆ ಎರಡು ಸಲ ಉತ್ತರ ಬರೆದು ಹರಿದುಹಾಕಿದೆ. ಎರಡೂ ಚೆನ್ನಾಗಿದ್ದವು. ಓದಿದ್ದರೆ ತ್ರಿವೇಣಿ ಅವತ್ತೇ ಹೊರಟುಬಿಡುತ್ತಿದ್ದಳು. ಆದರೆ ಬೇರೆ ಯಾರಾದರೂ ನನಗೆ ಅಷ್ಟು ಚೆನ್ನಾಗಿ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಹದಿನಾಲ್ಕೇ ಬಂದಿದ್ದರೆ ನೀನೇ ಕದ್ದೆ ಅಂದುಕೊಂಡಿರುತ್ತಿದ್ದೆ. ಸಾಯುವ ತನಕ ಅಂದುಕೊಂಡಿರುತ್ತಿದ್ದೆ. ನಿನ್ನನ್ನು ಎತ್ತಿ ಆಡಿಸಿದ್ದು, ನಿನಗೆ ಮಗಳನ್ನು ಕೊಟ್ಟದ್ದು ಯಾವುದೂ ಅಡ್ಡ ಬರುತ್ತಿರಲಿಲ್ಲ. ಕಾರು ನಿನ್ನ ಪರವಾಗಿ ಸಾಕ್ಷಿ ಹೇಳಿತು, ಒಪ್ಪಿಕೊಂಡೆ. ನೀನು ಹೇಳಿದಾಗ ಒಪ್ಪಲಿಲ್ಲ. ನೀನು ಕೇಳುತ್ತಿರುವುದು ಇದನ್ನೇ ಅಂತ ಗೊತ್ತು. ಇದಕ್ಕೆ ಯಾವ ಅಂಗಡಿಯಲ್ಲೂ ಸಾಮಾನು ಸಿಗುವುದಿಲ್ಲ, ಕೇಳಿ ನೋಡಲೂ ಇಲ್ಲ.

ಆದ್ದರಿಂದ ಮಗಳನ್ನು ಕಳಿಸು ಅನ್ನುವುದಿಲ್ಲ. ಅವಳು ಅಲ್ಲೇ ಇರಲಿ. ನಾನು ಬರುತ್ತೇನೆ. ನರ್ಸರಿಯನ್ನು ಆಂಜಿನಪ್ಪನಿಗೆ ಒಪ್ಪಿಸಿದ್ದೇನೆ. ಹೇಗೆ ನೋಡಿಕೊಳ್ಳುತ್ತಾನೋ ನೋಡಿಕೊಳ್ಳಲಿ, ಮೇಲೊಬ್ಬರನ್ನು ಕಾವಲಿಗೆ ಇಟ್ಟಿಲ್ಲ. ನೆಂಟರು ಒಂದು ಮಾತು ಆಡಿಯೇ ಆಡುತ್ತಾರೆ, ಅತ್ತೆಯಾದವಳು ಹೋಗಿ ಅಳಿಯನ ಮನೆಯಲ್ಲಿ ಕೂತಳು ಅಂತ. ಆಡಲಿ. ಅಪ್ಪ ಅಮ್ಮ ಹೋದ ಮೇಲೆ ನನ್ನ ತವರು ಅಂತ ಉಳಿದಿರುವುದು ನೀನಿರುವ ಮನೆ ಒಂದೇ. ಮಗಳು ತವರಿಗೆ ಬರುವುದಿಲ್ಲ ಅಂದಳು. ನಾನು ನನ್ನ ತವರಿಗೆ ಬರುತ್ತಿದ್ದೇನೆ. ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದರೂ ಅದು ನಿನ್ನ ಹಕ್ಕು.

ಖಾರದ ಪುಡಿ, ಬಾಣಂತಿಯ ಲೇಹ್ಯ, ಮೆತ್ತನೆಯ ಹಳೆಯ ಸೀರೆಗಳನ್ನು ತರುತ್ತೇನೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಮಾಲೂರಿನಲ್ಲಿ ಇಳಿಯುತ್ತೇನೆ. ಸ್ಟಾಂಡಿಗೆ ಟೆಂಪೋನೂ ತರಬೇಡ, ಯಾರದಾದರೂ ಕಾರನ್ನೂ ಕೇಳಿ ತರಬೇಡ. ನಡೆದೇ ಬರುತ್ತೇನೆ. ಗಾಡಿಯಲ್ಲಿ ನಿನ್ನ ಪಕ್ಕ ಕೂತರೆ ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ನಿನ್ನ ಅಕ್ಕ
ಗಂಗರತ್ನ